ಮೇಲಿನ ಶೆಲ್ಫಿನ ಆರು ಬಾಟಲಿ

ಮೇ ತಿಂಗಳ ಒಂದು ಶನಿವಾರ, ರಾತ್ರಿ ಒಂಬತ್ತೂವರೆ. ಮುಂಬೈಯ ಮುಲುಂಡ್‌ನಿಂದ ಮಾವನ ಫೋನ್ ಬಂತು. "ಮಾಣಿ, ನೀ ತಂದ್ ವೈನ್ ಮತ್ತೆ ವಾಪಾಸ್ ಬಂತ್ ಕಾಣ್. ಹಾಳಾಯಿತ್ ಅಂಬ್ರ್."

'ಮತ್ತೆ' ಅನ್ನುವ ಮಾತು ಚುಚ್ಚಿತು. ಹದಿನೈದು ದಿನದ ಹಿಂದೆ ಅದೇ ವೈನ್‌ನ ಒಂದು ಬಾಟಲಿ ವಾಪಸ್ ಬಂದಿತ್ತು. ಅದಕ್ಕೂ ಮುಂಚೆ ಮಾರ್ಚ್ ಕೊನೆಗೆ ಯಾರೋ ಒಬ್ಬರು ಅರ್ಧ ಬಾಟಲಿ ಹಾಗೇ ಬಿಟ್ಟು, ಏನೂ ಹೇಳದೆ ಬಿಲ್ ಕೊಟ್ಟು ಹೋಗಿದ್ದರು. ಜಗಳ ಮಾಡುವ ಗಿರಾಕಿಗಿಂತ ಹೀಗೆ ಸುಮ್ನೆ ಎದ್ದು ಹೋಗುವವರ ಭಯ ನಮಗೆ ಜಾಸ್ತಿ.

ಮಾವನದು ಊಟದ ಹೋಟೆಲ್, ಜೊತೆಗೆ ಪರ್ಮಿಟ್ ರೂಮ್, ಅಂದರೆ ಬಾರ್. ಕುಂದಾಪುರ ಕಡೆಯವರು ನಡೆಸುವ ಇಂಥ ಜಾಗವನ್ನು ಮುಂಬೈಯವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಬಿಯರ್, ವಿಸ್ಕಿ, ಚಿಕನ್ ಘೀ ರೋಸ್ಟ್, ನೀರ್ ದೋಸೆ. ವ್ಯಾಪಾರ ನಡೆಯುವುದೇ ಇದರ ಮೇಲೆ. ವೈನ್ ಅಲ್ಲಿ ನನ್ನ ಹುಚ್ಚು. ನಾನು ಇನ್ನೊಂದು ಹೋಟೆಲಿನ ಖರೀದಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ರಜೆ ಸಿಕ್ಕಾಗ ಮಾವನ ವೈನ್ ಪಟ್ಟಿ ನೋಡಿಕೊಳ್ಳುತ್ತೇನೆ. ಪಟ್ಟಿ ಅಂದರೆ ಏಳು ಹೆಸರು, ಅಷ್ಟೇ.

ಆ ಏಳರಲ್ಲಿ ಎಲ್ಲಕ್ಕಿಂತ ದುಬಾರಿಯದೇ ಈ ಪ್ರಕರಣದ ಬಾಟಲಿ. ನಾಸಿಕ್ ಜಿಲ್ಲೆಯ ದಿಂಡೋರಿ ಕಡೆಯ ಶಿರಾಜ್, ಅದೇ ಹೆಸರಿನ ಕಪ್ಪು ದ್ರಾಕ್ಷಿಯ ಕೆಂಪು ವೈನ್. ಒಂದೇ ತೋಟದ ಹಣ್ಣು. ಆಲ್ಕೋಹಾಲ್ 14.5%. ಡಿಸೆಂಬರ್‌ನಲ್ಲಿ ಒಂದು ಪೆಟ್ಟಿಗೆ, ಅಂದರೆ 12 ಬಾಟಲಿ ತಂದಿದ್ದೆ. ಕಂಪನಿಯ ಹೆಸರು ಬೇಡ. ಕೊನೆಗೆ ನೋಡಿದರೆ ತಪ್ಪು ಅವರದಲ್ಲ.

ವಾಪಸ್ ಮಾಡಿದ ದಂಪತಿ

ಮರುದಿನ ಭಾನುವಾರ ನಾನು ಮುಲುಂಡ್‌ಗೆ ಹೋದೆ. ವಾಪಸ್ ಬಂದ ಬಾಟಲಿಯನ್ನು ಮಾವ ಬಿರಡೆ ಹಾಕಿ ಫ್ರಿಜ್‌ನಲ್ಲಿ ಇಟ್ಟಿದ್ದರು. ವಿತರಕರಿಗೆ ತೋರಿಸಿ ದುಡ್ಡು ವಾಪಸ್ ಕೇಳುವ ಯೋಚನೆ ಅವರದು.

ವಾಪಸ್ ಮಾಡಿದವರು ಮೈಸೂರು ಕಡೆಯ ದಂಪತಿ. ಮೂವತ್ತು ವರ್ಷದಿಂದ ಮುಲುಂಡ್‌ನಲ್ಲೇ ಇದ್ದಾರೆ, ಮಾವನಿಗೆ ಚೆನ್ನಾಗಿ ಗೊತ್ತು. ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ, ಏನಾಗಿತ್ತು ಸಾರ್ ಅಂತ ವಿಚಾರಿಸಿದೆ. ಯಜಮಾನರು ಬಹಳ ಸೌಮ್ಯವಾಗಿ ಮಾತಾಡಿದರು. ಅವರ ಮಗಳು ಫ್ರಾನ್ಸ್‌ನ ಲಿಯೋನ್‌ನಲ್ಲಿದ್ದಾಳೆ. ಅಲ್ಲಿಗೆ ಹೋದಾಗಲೆಲ್ಲ ಹತ್ತಿರದ ಕ್ರೋಜ್-ಎರ್ಮಿಟಾಜ್ ಊರಿನ ಸಿರಾ ವೈನ್ ಕುಡಿಯುತ್ತಾರೆ. ಶಿರಾಜ್ ದ್ರಾಕ್ಷಿಗೆ ಫ್ರಾನ್ಸ್‌ನಲ್ಲಿ ಸಿರಾ ಅನ್ನುತ್ತಾರೆ. ನಮ್ಮ ಪಟ್ಟಿಯಲ್ಲಿ ಶಿರಾಜ್ ಕಂಡು, ಅದೇ ಹಣ್ಣು ಅಲ್ವಾ ಅಂತ ತರಿಸಿದರು. "ಇದು ವೈನ್ ಥರ ಇರಲಿಲ್ಲಪ್ಪ. ಒಣದ್ರಾಕ್ಷಿ ಬೇಯಿಸಿ ಅದಕ್ಕೆ ಸ್ವಲ್ಪ ರಮ್ ಹಾಕಿದ ಹಾಗಿತ್ತು. ಗಂಟಲು ಉರಿಯಿತು" ಅಂದರು.

ಈ ಎರಡು ಸಾಲಿನಲ್ಲಿ ಮೂರು ದೂರುಗಳಿವೆ. ಬೇಯಿಸಿದ ರುಚಿ, ಗಂಟಲಿನ ಉರಿ, ಮತ್ತು 'ಅದೇ ಹಣ್ಣು' ಅನ್ನುವ ನಿರೀಕ್ಷೆ. ಅವತ್ತು ಮೂರನ್ನೂ ನಾನು ಒಂದೇ ಮಾಡಿಕೊಂಡೆ. ಬಿಸಿ ನಾಡಿನ ವೈನ್ ಇರುವುದೇ ಹೀಗೆ, ಇವರಿಗೆ ಅಭ್ಯಾಸವಿಲ್ಲ ಅಂತ ಒಳಗೊಳಗೇ ತೀರ್ಪು ಕೊಟ್ಟುಬಿಟ್ಟೆ. ವೈನ್ ಸ್ವಲ್ಪ ಗೊತ್ತಿರುವವರಿಗೆ ಈ ರೋಗ ಬೇಗ ಹತ್ತುತ್ತದೆ.

ಬಾಟಲಿ ತೆಗೆದು ಮೂಸಿದೆ. ಕಾರ್ಕ್ ಕೆಟ್ಟಿದ್ದರೆ ಒದ್ದೆ ರಟ್ಟಿನ ವಾಸನೆ ಬರಬೇಕು, ಬರಲಿಲ್ಲ. ವಿನಿಗರ್ ಇಲ್ಲ, ನೈಲ್ ಪಾಲಿಶ್ ಇಲ್ಲ, ಕುದುರೆ ಲಾಯದ ನಾತವೂ ಇಲ್ಲ. ಪುಸ್ತಕದಲ್ಲಿರುವ ದೋಷ ಒಂದೂ ಸಿಗಲಿಲ್ಲ. ಆದರೆ ಬಾಯಿಗೆ ಹಾಕಿದರೆ ಅವರು ಹೇಳಿದ್ದು ನಿಜ. ಒಣದ್ರಾಕ್ಷಿ, ಕಾಸಿದ ಬೆಲ್ಲ, ಆಮೇಲೆ ಏನೂ ಇಲ್ಲ. ಹಿಂದಿನ ವರ್ಷದ ಫೆಬ್ರುವರಿಯಲ್ಲಿ ದಿಂಡೋರಿಯಲ್ಲಿ ನಾನು ಕುಡಿದ ವೈನ್ ಇದಾಗಿರಲಿಲ್ಲ.

ದಿಂಡೋರಿಯಲ್ಲಿ ಕಂಡದ್ದು

ಆ ಭೇಟಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಈ ವೈನ್‌ನ ನಿಜವಾದ ಗುಣ ಯಾವುದು ಅನ್ನುವುದು ಗೊತ್ತಾಗುವುದಿಲ್ಲ.

ಕಸಾರಾ ಘಾಟ್ ಹತ್ತಿ ನಾಸಿಕ್ ದಾಟಿ ಉತ್ತರಕ್ಕೆ ಹೋದರೆ ದಿಂಡೋರಿ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ನಾನು ಹೋದಾಗ ಬೆಳಗಿನ ಆರು ಗಂಟೆ, ಸ್ವೆಟರ್ ಬೇಕಾಗುವಷ್ಟು ಚಳಿ. ಕೊಯ್ಲು ನಡೆಯುತ್ತಿತ್ತು. ಬಿಸಿಲು ಏರುವ ಮೊದಲೇ ಹಣ್ಣನ್ನು ಕ್ರೇಟ್‌ಗೆ ತುಂಬಿ ಒಳಗೆ ಸೇರಿಸಬೇಕು. ಮಧ್ಯಾಹ್ನ ಅದೇ ಜಾಗದಲ್ಲಿ ಶರ್ಟು ಬೆನ್ನಿಗೆ ಅಂಟುತ್ತಿತ್ತು.

ತೋಟದ ಮೇಲ್ವಿಚಾರಕರು ವಿಜಯಪುರ ಜಿಲ್ಲೆಯ ತಿಕೋಟಾದವರು. ನನ್ನ ಕನ್ನಡ ಕೇಳಿದ್ದೇ ತಡ, ಮರಾಠಿ ಬದಿಗಿಟ್ಟರು. ಅವರ ಮನೆಯಲ್ಲೂ ದ್ರಾಕ್ಷಿ ಇದೆ, ಒಣದ್ರಾಕ್ಷಿ ಮಾಡುವ ಜಾತಿಯದು. ವರ್ಷಕ್ಕೆ ಎರಡು ಚಾಟ್ನಿ ಅಲ್ಲೂ ಇದೆ, ಇಲ್ಲೂ ಇದೆ. ಚಾಟ್ನಿ ಅಂದರೆ ಬಳ್ಳಿ ಕತ್ತರಿಸುವುದು. ಬೇಸಿಗೆ ಏಪ್ರಿಲ್‌ನಲ್ಲಿ ಒಂದು, ಮಳೆ ಮುಗಿಯುವಾಗ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಕಡೆ ಅದಕ್ಕೆ ನಿದ್ದೆ ಇಲ್ಲ, ಕತ್ತರಿಯಿಂದಲೇ ಎಬ್ಬಿಸಬೇಕು. ಮಳೆಗಾಲದಲ್ಲಿ ಹಣ್ಣು ಬಿಟ್ಟರೆ ಕೊಳೆಯುತ್ತದೆ. ಅದಕ್ಕೇ ಹಣ್ಣನ್ನು ಚಳಿಗಾಲಕ್ಕೆ ತಳ್ಳಿ ಜನವರಿಯಿಂದ ಮಾರ್ಚ್ ಒಳಗೆ ಕೊಯ್ಯುತ್ತಾರೆ.

ಇಲ್ಲೊಂದು ತಿರುವು ಇದೆ. ಫ್ರಾನ್ಸ್‌ನಲ್ಲಿ ಹಣ್ಣು ಮಾಗುವ ಕೊನೆಯ ವಾರಗಳಲ್ಲಿ ಹವೆ ತಣ್ಣಗಾಗುತ್ತಾ ಹೋಗುತ್ತದೆ. ನಾಸಿಕ್‌ನಲ್ಲಿ ಉಲ್ಟಾ. ಡಿಸೆಂಬರ್-ಜನವರಿಯ ಚಳಿ ಕಳೆದು ಫೆಬ್ರುವರಿಗೆ ಬಿಸಿಲು ಏರುತ್ತದೆ. ಕೊನೆಯ ಹತ್ತು ದಿನದಲ್ಲಿ ಸಕ್ಕರೆ ಓಡುತ್ತದೆ, ಹುಳಿ ಬೀಳುತ್ತದೆ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿ. ಒಂದು ಟಾರ್ಟಾರಿಕ್, ನಮ್ಮ ಹುಣಸೆಯಲ್ಲಿರುವುದೂ ಅದೇ. ಇನ್ನೊಂದು ಮ್ಯಾಲಿಕ್, ಹಸಿರು ಸೇಬಿನದು. ಬಿಸಿಯಲ್ಲಿ ಹಣ್ಣು ಉಸಿರಾಡುವಾಗ ಈ ಎರಡನೆಯದನ್ನು ಸುಟ್ಟುಕೊಳ್ಳುತ್ತದೆ. ರಾತ್ರಿ ತಣ್ಣಗಿದ್ದರೆ ಉಸಿರಾಟ ನಿಧಾನ, ಹುಳಿ ಉಳಿಯುತ್ತದೆ. ತಿಕೋಟಾದವರು ಇದನ್ನೇ ಒಂದು ಉಸಿರಿನಲ್ಲಿ ಹೇಳಿದರು: "ಹಣ್ಣಾಗೂದು ಬಿಸಲಿಗೆ ನೋಡ್ರಿ, ಹುಳಿ ಉಳಿಯೂದು ಥಂಡಿಗೆ."

ಜೇಬಿನಿಂದ ಬ್ರಿಕ್ಸ್, ಅಂದರೆ ರಸದಲ್ಲಿರುವ ಸಕ್ಕರೆಯ ಅಳತೆ, ನೋಡುವ ಕೊಳವೆ ತೆಗೆದು ಒಂದು ಹನಿ ರಸ ಬಿಟ್ಟು ನನ್ನ ಕಣ್ಣಿಗೆ ಹಿಡಿದರು. ಗೆರೆ 24ರ ಮೇಲಿತ್ತು. ತಿನ್ನುವ ದ್ರಾಕ್ಷಿಯನ್ನು 16-18ಕ್ಕೇ ಕೊಯ್ಯುತ್ತಾರೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ 1% ಆಲ್ಕೋಹಾಲ್. 14.5% ಎಲ್ಲಿಂದ ಬಂತು ಅನ್ನುವ ಲೆಕ್ಕ ಅಲ್ಲೇ ಇದೆ. ಬಾಟಲಿಯ ಕಾವು ಅಂದರೆ ಆ ಬಿಸಿಲೇ.

ಅವತ್ತು ಮಧ್ಯಾಹ್ನ ಅವರು ರುಚಿಗೆ ಕೊಟ್ಟ ವೈನ್‌ನಲ್ಲಿ ನೇರಳೆ ಹಣ್ಣಿತ್ತು. ಹಣ್ಣು ಮಾತ್ರ ಅಲ್ಲ, ತಿಂದ ಮೇಲೆ ನಾಲಿಗೆ ಹಿಡಿಯುವ ಆ ಒಗರೂ ಇತ್ತು. ಒಗರು ಇದ್ದರೂ ಒರಟಲ್ಲ. ಬಿಸಿ ನಾಡಿನಲ್ಲಿ ಸಿಪ್ಪೆ, ಬೀಜ ಪೂರ್ತಿ ಮಾಗುವುದರಿಂದ ಒಗರು ಮೆತ್ತಗಿರುತ್ತದೆ. ಇಂಗ್ಲಿಷಿನವರು ಟ್ಯಾನಿನ್ ಅಂತಾರೆ. ನಮ್ಮ 'ಒಗರು' ಅದಕ್ಕಿಂತ ಒಳ್ಳೆಯ ಪದ, ಬಾಯಲ್ಲಿ ಏನಾಗುತ್ತದೆ ಅಂತ ಅದೇ ಹೇಳುತ್ತದೆ. ಕೊನೆಗೆ ತೆಳ್ಳಗೆ ಕಾಳುಮೆಣಸು. ಇಷ್ಟೆಲ್ಲ ಇದ್ದೂ ಒಂದು ಎಳೆ ಹುಳಿ ಇದ್ದುದರಿಂದ ಎರಡನೇ ಗುಟುಕು ಬೇಕೆನಿಸಿತು. ಹಾಗೆಂದೇ ಪೆಟ್ಟಿಗೆ ತರಿಸಿದ್ದು.

ಒಂದೇ ತೋಟ ಅಂದರೆ ಏನು ಲಾಭ, ಏನು ಅಪಾಯ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಲವು ತೋಟದ ಹಣ್ಣು ಬೆರೆಸಿದರೆ ಒಂದರ ಕೊರತೆ ಇನ್ನೊಂದು ಮುಚ್ಚುತ್ತದೆ. ಇಲ್ಲಿ ಹುಳಿ ಕಮ್ಮಿಯಾಯಿತಾ, ತಣ್ಣನೆಯ ತೋಟದ್ದು ಸ್ವಲ್ಪ ಸುರಿ. ಒಂದೇ ತೋಟದ ವೈನ್‌ಗೆ ಆ ಅನುಕೂಲ ಇಲ್ಲ. ಆ ವರ್ಷದ ಬಿಸಿಲು, ಆ ಇಳಿಜಾರು, ಆ ಮಣ್ಣು, ಯಾವಾಗ ಕೊಯ್ದರು ಅನ್ನುವ ತೀರ್ಮಾನ, ಎಲ್ಲವೂ ಬಾಟಲಿಯಲ್ಲಿ ಕಾಣುತ್ತದೆ. ಹಾಗಂತ ಒಂದೇ ತೋಟ ಅಂದ ಕೂಡಲೇ ದೊಡ್ಡದು ಅಂದುಕೊಳ್ಳಬಾರದು. ಆಸ್ಟ್ರೇಲಿಯಾದ ಅತಿ ಹೆಸರುವಾಸಿ ಶಿರಾಜ್ 'ಗ್ರೇಂಜ್'. ಮ್ಯಾಕ್ಸ್ ಶುಬರ್ಟ್ 1951ರಲ್ಲಿ ಮೊದಲು ಮಾಡಿದ್ದು. ಅದು ಹಲವು ತೋಟಗಳ ಮಿಶ್ರಣ. ಅದೇ ದಕ್ಷಿಣ ಆಸ್ಟ್ರೇಲಿಯಾದ 'ಹಿಲ್ ಆಫ್ ಗ್ರೇಸ್' 1958ರಿಂದ ಒಂದೇ ತೋಟದ್ದು. ಎರಡಕ್ಕೂ ಜನ ಸಾಲ ಮಾಡಿಯಾದರೂ ದುಡ್ಡು ಕೊಡುತ್ತಾರೆ. ಅಲ್ಲಿನ ಬರೋಸಾದಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿ ಇನ್ನೂ ಹಣ್ಣು ಕೊಡುತ್ತಿದೆ ಅಂತ ಮಾವನಿಗೆ ಒಮ್ಮೆ ಹೇಳಿದ್ದೆ. "ನಮ್ ಅಜ್ಜನ್ ಅಜ್ಜನ್ ಕಾಲದ್ದ್!" ಅಂತ ಗಲ್ಲಾದಿಂದ ತಲೆ ಎತ್ತಿದ್ದರು. ವೈನ್ ವಿಷಯಕ್ಕೆ ಅವರು ತಲೆ ಎತ್ತಿದ್ದು ಅದೊಂದೇ ಸಲ.

ಸ್ಟೂಲು

ಸುಳಿವು ಸಿಕ್ಕಿದ್ದು ವೈನ್‌ನಿಂದಲ್ಲ, ಹಳೆಯ ವೇಟರ್ ಒಬ್ಬರ ಮಾತಿನಿಂದ. ಬೈಂದೂರಿನವರು, ಇಪ್ಪತ್ತೆರಡು ವರ್ಷದಿಂದ ಅಲ್ಲೇ. "ಮೊದಲು ಐದು ಬಾಟಲಿ ಹೋಯ್ತಲ್ಲ, ಒಬ್ಬರೂ ಏನೂ ಹೇಳಲಿಲ್ಲ" ಅಂದರು. ಆ ಐದು ಎಲ್ಲಿಂದ ತೆಗೆದಿರಿ ಅಂತ ಕೇಳಿದೆ. "ಕೆಳಗೆ ಪೆಟ್ಟಿಗೆಯಿಂದ. ಮೇಲಿಂದ ತೆಗೀಬೇಕಾದ್ರೆ ಸ್ಟೂಲು ಬೇಕಲ್ಲ."

ಡಿಸೆಂಬರ್‌ನಲ್ಲಿ 12 ಬಾಟಲಿಯಲ್ಲಿ ಆರನ್ನು ನಾನೇ ಬಾರ್‌ನ ಮೇಲಿನ ಶೆಲ್ಫಿನಲ್ಲಿ ನಿಲ್ಲಿಸಿದ್ದೆ. ದುಬಾರಿ ಬಾಟಲಿ, ಬಾಗಿಲಿಂದ ಬಂದವರಿಗೆ ಕಾಣಲಿ ಅಂತ. ಮೇಲೊಂದು ಹಳದಿ ದೀಪ ಬೇರೆ. ಉಳಿದ ಆರು ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ, ಪೆಟ್ಟಿಗೆಯಲ್ಲೇ ಇದ್ದವು. ಸ್ಟೂಲು ಹತ್ತುವ ಬೇಜಾರಿಗೆ ವೇಟರ್‌ಗಳು ಫೆಬ್ರುವರಿ ಕೊನೆಯವರೆಗೆ ಪೆಟ್ಟಿಗೆಯಿಂದಲೇ ಐದು ತೆಗೆದರು. ಪೆಟ್ಟಿಗೆ ಖಾಲಿ ಅಂದುಕೊಂಡು ಮಾರ್ಚ್‌ನಿಂದ ಮೇಲಿನದಕ್ಕೆ ಕೈ ಹಾಕಿದರು. ಮೇಲಿನದರಲ್ಲಿ ತೆರೆದದ್ದು ಮೂರು. ಒಂದು ಅರ್ಧಕ್ಕೆ ಉಳಿಯಿತು, ಎರಡು ವಾಪಸ್ ಬಂದವು. ಪೆಟ್ಟಿಗೆಯ ಮೂಲೆಯಲ್ಲಿ ಇನ್ನೂ ಒಂದು ಬಾಟಲಿ ಇತ್ತು. ಈ ಪ್ರಕರಣದಲ್ಲಿ ನನ್ನ ಅದೃಷ್ಟ ಅಂದರೆ ಅದೇ.

ಅಡುಗೆಮನೆಯ ಥರ್ಮಾಮೀಟರ್ ತಂದು ಶೆಲ್ಫಿನ ಮೇಲೆ ಒಂದು ಲೋಟ ನೀರಿಟ್ಟು ಅದರೊಳಗೆ ಬಿಟ್ಟೆ. ಶೆಲ್ಫಿನ ಕೆಳಗೇ ಬಿಯರ್ ಫ್ರಿಜ್‌ಗಳ ಕಂಪ್ರೆಸರ್. ಅದರ ಬಿಸಿಗಾಳಿ ನೇರ ಮೇಲಕ್ಕೆ ಹೋಗುತ್ತದೆ. ಮಧ್ಯಾಹ್ನದ ಊಟ ಮುಗಿದು ಎಸಿ ಆರಿಸಿದ ಮೇಲೆ, ನಾಲ್ಕು ಗಂಟೆಗೆ 38 ಡಿಗ್ರಿ. ರಾತ್ರಿ ಎಸಿ ಓಡುವಾಗ 26. ಮತ್ತೆ ಒಂದು ಗಂಟೆಗೆ ಬಾಗಿಲು ಹಾಕಿದ ಮೇಲೆ ಏರಿಕೆ. ದಿನಕ್ಕೆ ಎರಡು ಸಲ ಏರಿ ಇಳಿಯುವುದು, ಐದು ತಿಂಗಳು. ಮೆಟ್ಟಿಲ ಕೆಳಗಿನ ಕೋಣೆ ತಣ್ಣಗೇನಲ್ಲ, 28. ಆದರೆ ಹಗಲು ರಾತ್ರಿ 28.

ಬಿಸಿಗೆ ವೈನ್ ಹಿಗ್ಗುತ್ತದೆ, ಕಾರ್ಕನ್ನು ಒಳಗಿಂದ ತಳ್ಳುತ್ತದೆ. ತಣ್ಣಗಾದಾಗ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ಉಳಿದ ಮೂರು ಬಾಟಲಿಯ ಮುಚ್ಚಳದ ಹೊದಿಕೆ ಸುಲಿದು ನೋಡಿದೆ. ಎರಡರಲ್ಲಿ ಕಾರ್ಕ್ ಗಾಜಿನ ಅಂಚಿಗಿಂತ ಮೇಲೆ ಬಂದಿತ್ತು. ಒಂದರ ಪಕ್ಕದಲ್ಲಿ ಒಣಗಿದ ನೇರಳೆ ಗೆರೆ. ಸಾಲದ್ದಕ್ಕೆ ನಾನು ಅವನ್ನು ಮಲಗಿಸದೆ ನಿಲ್ಲಿಸಿದ್ದೆ. ನಿಂತ ಬಾಟಲಿಯ ಕಾರ್ಕ್ ಒಣಗುತ್ತದೆ ಅಂತ ಬೇರೆಯವರಿಗೆ ಪಾಠ ಹೇಳುವವನು ನಾನು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಅದೇ ಶೆಲ್ಫಿನಲ್ಲಿ ಅಗ್ಗದ, ಹಲವು ತೋಟದ ಶಿರಾಜ್ ಕೂಡ ಇತ್ತು. ಅದರ ಮೇಲೆ ಒಂದೂ ದೂರಿಲ್ಲ, ಯಾಕೆ? ಬಿಲ್ ಪುಸ್ತಕ ತೆಗೆದರೆ ಉತ್ತರ ಸಿಕ್ಕಿತು. ಅದು ಎರಡು ವಾರದಲ್ಲಿ ಖಾಲಿಯಾಗಿ ಹೊಸದು ಬರುತ್ತದೆ. ದುಬಾರಿಯದು ನಿಧಾನ ಹೋಗುತ್ತದೆ, ಅದಕ್ಕೇ ಹೆಚ್ಚು ದಿನ ಬಿಸಿ ತಿನ್ನುತ್ತದೆ. ಎಲ್ಲಕ್ಕಿಂತ ಜೋಪಾನವಾಗಿ ಇಡಬೇಕಾದ ಬಾಟಲಿಯನ್ನೇ ನಾವು ಎಲ್ಲಕ್ಕಿಂತ ಕೆಟ್ಟ ಜಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ದಿನ ಇಟ್ಟಿದ್ದೆವು.

ಪೇಪರ್ ಸುತ್ತಿದ ಮೂರು ಬಾಟಲಿ

ಆದರೂ ಊಹೆ ಊಹೆಯೇ. ಮುಂದಿನ ಮಂಗಳವಾರ ಮಧ್ಯಾಹ್ನ ಮೂರು ಬಾಟಲಿ ತೆರೆದೆವು. ಒಂದು ಶೆಲ್ಫಿನದು, ಒಂದು ಪೆಟ್ಟಿಗೆಯದು, ಒಂದು ವಿತರಕರ ತಣ್ಣನೆಯ ಗೋದಾಮಿನಿಂದ ಅವತ್ತೇ ತರಿಸಿದ್ದು. ಮೂರೂ ಒಂದೇ ವರ್ಷದ ಬೆಳೆ. ಗುರುತು ಸಿಗದ ಹಾಗೆ 'ಕರ್ನಾಟಕ ಮಲ್ಲ' ಪೇಪರ್ ಸುತ್ತಿದೆ. ಕುಡಿಯಲು ಕುಳಿತವರು ಮಾವ, ಬೈಂದೂರಿನ ವೇಟರ್, ಅಡುಗೆಯ ಭಂಡಾರಿಯವರು, ಕೊನೆಗೆ ನಾನು. ಪ್ರತಿಯೊಂದನ್ನೂ ಎರಡು ಸಲ ಕೊಟ್ಟೆ. ಮೊದಲು ಬಾರ್‌ನಲ್ಲಿ ಹೇಗೆ ಕೊಡುತ್ತೇವೋ ಹಾಗೆ, 30 ಡಿಗ್ರಿಯಲ್ಲಿ. ಆಮೇಲೆ 18ಕ್ಕೆ ಇಳಿಸಿ.

30 ಡಿಗ್ರಿಯಲ್ಲಿ ಮೂರೂ ಸೋತವು. ಗೋದಾಮಿನಿಂದ ಬಂದದ್ದೂ ಗಂಟಲು ಸುಟ್ಟಿತು. ಬಿಸಿ ಗ್ಲಾಸಿನಲ್ಲಿ ಆಲ್ಕೋಹಾಲ್ ಮೊದಲು ಎದ್ದು ಮೂಗಿಗೆ ಬಡಿಯುತ್ತದೆ, ಹಣ್ಣು ಹಿಂದೆ ಉಳಿಯುತ್ತದೆ. ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕೊಡಬೇಕು ಅನ್ನುವ ಮಾತು ಯುರೋಪಿನ ಹಳೆಯ ಕಲ್ಲಿನ ಮನೆಗಳದ್ದು. ಮುಲುಂಡ್‌ನ ಮೇ ತಿಂಗಳ ಕೋಣೆಗೆ ಅದು ನಡೆಯುವುದಿಲ್ಲ. 16ರಿಂದ 18 ಡಿಗ್ರಿ ಸರಿ. 14.5% ಇರುವ ವೈನ್‌ಗೆ ಇದು ಇನ್ನೂ ಮುಖ್ಯ.

18 ಡಿಗ್ರಿಗೆ ಇಳಿಸಿದಾಗ ಬೇರೆ ಬೇರೆಯಾದವು. ಗೋದಾಮಿನದು ದಿಂಡೋರಿಯ ಆ ಮಧ್ಯಾಹ್ನವನ್ನೇ ತಂದಿತು. ನೇರಳೆ, ಒಗರು, ಹುಳಿಯ ಎಳೆ. ಪೆಟ್ಟಿಗೆಯದು ಅದರ ತಮ್ಮನ ಹಾಗೆ, ಸ್ವಲ್ಪ ಮಂಕು, ಆದರೆ ಯಾರೂ ವಾಪಸ್ ಕಳಿಸುವ ಹಾಗಿಲ್ಲ. ಶೆಲ್ಫಿನದು ತಣ್ಣಗಾದರೂ ಒಣದ್ರಾಕ್ಷಿಯೇ. "ಇದು ಬೆಂದು ಹೋಗಿದೆ" ಅಂದವರು ಭಂಡಾರಿಯವರು. ಪೇಪರ್ ತೆಗೆಯುವ ಮೊದಲೇ ನಾಲ್ವರೂ ಅದನ್ನೇ ಬದಿಗೆ ತಳ್ಳಿದ್ದೆವು.

ಹಾಗಾದರೆ ಗಂಟಲಿನ ಉರಿ ನಮ್ಮ ಕೋಣೆಯದು, ಬೆಂದ ರುಚಿ ನಮ್ಮ ಶೆಲ್ಫಿನದು. ಕಾವು ಮತ್ತು ಮಾಗಿದ ಹಣ್ಣು ಮಾತ್ರ ದಿಂಡೋರಿಯ ಬಿಸಿಲಿನದು. ಮೈಸೂರಿನ ಯಜಮಾನರು ಇವು ಮೂರನ್ನೂ ಒಂದೇ ಗ್ಲಾಸಿನಲ್ಲಿ ಕುಡಿದಿದ್ದರು. ಬಿಸಿ ನಾಡಿನ ವೈನ್ ಇರುವುದೇ ಹೀಗೆ ಅಂತ ನಾನು ಬಿಟ್ಟಿದ್ದರೆ ಆ ತೋಟಕ್ಕೆ ಸುಳ್ಳು ಹೆಸರು ಬರುತ್ತಿತ್ತು.

ಕಾಳುಮೆಣಸಿನ ವಿಷಯದಲ್ಲಿ ಮಾತ್ರ ಟೇಬಲ್ ಒಡೆಯಿತು. ನನಗೂ ವೇಟರ್‌ಗೂ ಸಿಕ್ಕಿತು, ಮಾವನಿಗೆ ಏನು ಮಾಡಿದರೂ ಇಲ್ಲ. ಊರಿನ ತೋಟದಿಂದ ಸ್ವಂತ ಮೆಣಸು ತರಿಸುವ ಮನುಷ್ಯ! ಶಿರಾಜ್‌ನ ಈ ಪರಿಮಳಕ್ಕೆ ಕಾರಣ ರೊಟಂಡೋನ್ ಅನ್ನುವ ವಸ್ತು, ಕಾಳುಮೆಣಸಿನಲ್ಲಿ ಇರುವುದೂ ಅದೇ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಅದನ್ನು ಗುರುತಿಸಿದರು. ಐದರಲ್ಲಿ ಸುಮಾರು ಒಬ್ಬರಿಗೆ ಅದರ ವಾಸನೆ ತಿಳಿಯುವುದೇ ಇಲ್ಲ ಅಂತಲೂ ಆಗ ಕಂಡುಬಂತು. ತಣ್ಣನೆಯ ಊರಿನ ಹಣ್ಣಿನಲ್ಲಿ ಅದು ಜಾಸ್ತಿ, ಬಿಸಿ ಊರಿನಲ್ಲಿ ಕಮ್ಮಿ. ಲಿಯೋನ್ ಹತ್ತಿರದ ಸಿರಾದಲ್ಲಿ ಯಜಮಾನರು ಇಷ್ಟಪಟ್ಟಿದ್ದು ಬಹುಶಃ ಆ ಮೆಣಸನ್ನು, ಆ ತೆಳು ಮೈಯನ್ನು. ಅದು ದಿಂಡೋರಿ ಕೊಡುವುದಲ್ಲ, ಎಷ್ಟು ಚೆನ್ನಾಗಿ ಇಟ್ಟರೂ. ಅವರ ಮೂರನೇ ದೂರು ನಾವು ಸರಿಮಾಡಬಹುದಾದದ್ದೇ ಅಲ್ಲ. ಮೊದಲೇ ಹೇಳಬಹುದಿತ್ತು, ಅಷ್ಟೇ.

ಊಟದ ಜೊತೆಗೂ ಒಂದು ಸುತ್ತು ಆಯಿತು, ಯಾಕೆಂದರೆ ಆ ದಂಪತಿ ತರಿಸಿದ್ದು ಘೀ ರೋಸ್ಟ್. ನಮ್ಮ ಅತಿ ಒಳ್ಳೆಯ ಪದಾರ್ಥ, ಈ ವೈನ್‌ಗೆ ಅತಿ ಕೆಟ್ಟ ಜೋಡಿ. ಮೆಣಸಿನಕಾಯಿಯ ಖಾರ ಹಿಡಿಯುವ ನರವೇ ಬಿಸಿಯನ್ನೂ ಹಿಡಿಯುವುದು. ಆಲ್ಕೋಹಾಲ್ ಆ ನರವನ್ನು ಇನ್ನಷ್ಟು ಕೆಣಕುತ್ತದೆ, ಸಾಮಾನ್ಯ ಬಿಸಿಯೂ ಉರಿ ಅನ್ನಿಸುತ್ತದೆ. ಅದರ ಮೇಲೆ ಹುಣಸೆ. ಊಟದ ಹುಳಿ ಜಾಸ್ತಿಯಾದಷ್ಟೂ ವೈನ್‌ನಲ್ಲಿದ್ದ ಆ ಒಂದೆಳೆ ಹುಳಿ ಮಾಯ. ತಂದೂರಿ ಮಟನ್ ಚಾಪ್ ಜೊತೆ ಅದೇ ವೈನ್ ಗಂಭೀರವಾಗಿ ಕೂತಿತು. ಭಂಡಾರಿಯವರಿಗೆ ಇದು ಅಷ್ಟು ಹಿಡಿಸಲಿಲ್ಲ. ಚಾಪ್ ಮಾಡುವುದು ಅವರಲ್ಲ, ತಂದೂರಿನ ಹುಡುಗ.

ಆಮೇಲೆ

ವಿತರಕರಿಗೆ ಫೋನ್ ಹೋಗಲಿಲ್ಲ. ಶೆಲ್ಫಿನಲ್ಲಿ ಈಗ ಖಾಲಿ ಬಾಟಲಿಗಳು ನಿಂತಿವೆ, ದೀಪದ ಕೆಳಗೆ ಅವೂ ಚೆನ್ನಾಗೇ ಕಾಣುತ್ತವೆ. ವೈನ್ ಇಡುವ ಸಣ್ಣ ಫ್ರಿಜ್ ತರಲು ಮಾವನನ್ನು ಒಪ್ಪಿಸಲು ಎರಡು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಬಕೆಟ್ಟೇ ಗತಿ. ಐಸ್ ಮಾತ್ರ ಹಾಕಿದರೆ ಆಗುವುದಿಲ್ಲ, ಅರ್ಧ ನೀರಿರಬೇಕು, ಆಗಲೇ ಬಾಟಲಿಯ ಸುತ್ತ ತಂಪು ಹಿಡಿಯುವುದು. 31ರಿಂದ 18ಕ್ಕೆ ಇಳಿಯಲು ನಮ್ಮ ಬಕೆಟ್‌ನಲ್ಲಿ 14 ನಿಮಿಷ ಹಿಡಿಯಿತು. ಕೆಂಪು ವೈನ್ ಐಸ್ ಬಕೆಟ್‌ನಲ್ಲಿ ಬಂದರೆ ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಪೆಟ್ಟಿಗೆಗಟ್ಟಲೆ ತರಿಸುವುದು ನಿಂತಿದೆ, ಮೂರು ಬಾಟಲಿ ಮುಗಿದ ಮೇಲೆ ಮೂರು.

ಮೆನುವಿನಲ್ಲಿ ಆ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದೆ: 'ದಪ್ಪ ಮೈ, ನೇರಳೆ ಹಣ್ಣು, ಕಾವು ಜಾಸ್ತಿ, ಖಾರದ ಜೊತೆ ಬೇಡ.' ಕೊನೆಯ ಮೂರು ಪದಕ್ಕೆ ಮಾವನ ಆಕ್ಷೇಪ ಇತ್ತು. ಘೀ ರೋಸ್ಟ್ ವ್ಯಾಪಾರಕ್ಕೆ ಪೆಟ್ಟು ಅಂತ. ಬಿದ್ದಿಲ್ಲ.

ಬೆಂದು ಹೋದ ಉಳಿದ ಎರಡು ಬಾಟಲಿಯನ್ನು ಭಂಡಾರಿಯವರು ಮಟನ್ ನೆನೆಹಾಕಲು ಒಯ್ದರು. ಏನಾಯಿತು ಅಂತ ಕೇಳಿದರೆ ಈಗಲೂ ಹೇಳುವುದಿಲ್ಲ.

ಆಗಸ್ಟ್‌ನಲ್ಲಿ ಒಂದು ಜೋರು ಮಳೆಯ ಸಂಜೆ ಮೈಸೂರಿನ ದಂಪತಿ ಮತ್ತೆ ಬಂದರು. ನಾನಿದ್ದೆ. ನಡೆದದ್ದೆಲ್ಲ ಹೇಳಿ, 17 ಡಿಗ್ರಿಯ ಒಂದು ಗ್ಲಾಸ್ ನಮ್ಮ ಕಡೆಯಿಂದ ಅಂತ ಮುಂದಿಟ್ಟೆ. ಯಜಮಾನರು ಮೂಸಿದರು, ಎರಡು ಗುಟುಕು ಕುಡಿದರು. "ಇದು ಚೆನ್ನಾಗಿದೆ. ಆದರೆ ನನಗೆ ಅಲ್ಲಿಯದೇ ಇಷ್ಟ ಕಣಪ್ಪ" ಅಂದು ಗ್ಲಾಸನ್ನು ಹೆಂಡತಿಯ ಕಡೆ ಸರಿಸಿದರು. ಅಮ್ಮಾವ್ರು ಪೂರ್ತಿ ಮುಗಿಸಿ ಇನ್ನೊಂದು ತರಿಸಿದರು. ಅವರಿಗೆ ಘೀ ರೋಸ್ಟೂ ಬೇಕಿತ್ತು. ನಾನು ಬಾಯಿ ಮುಚ್ಚಿಕೊಂಡೆ.